‘ತೃಪ್ತಿಕರ’ ಎಂಬ ಒಂದು ಷರಾ

ನಿವೃತ್ತರಾದವರಿಗೆ ಹಳೆಯ ಕಾಗದಪತ್ರಗಳನ್ನು ವಿಂಗಡಿಸುವುದೇ ಒಂದು ಉದ್ಯೋಗ. ಬೆನ್ಸನ್ ಟೌನ್‌ನ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿರುವ ಕಬ್ಬಿಣದ ಬೀರುವಿನಲ್ಲಿ ಮೂರು ದಶಕಗಳ ಅಧ್ಯಾಪನದ ಕಡತಗಳು ತುಂಬಿಕೊಂಡಿವೆ. ಕಳೆದ ತಿಂಗಳು ಅದನ್ನು ಬರಿದು ಮಾಡಲು ಕುಳಿತಾಗ ಕೈಗೆ ಸಿಕ್ಕಿದ್ದು, ಪಿಎಚ್‌.ಡಿ. ವಿದ್ಯಾರ್ಥಿನಿಯೊಬ್ಬಳ ವಾರ್ಷಿಕ ಪ್ರಗತಿ ವರದಿಗಳ ಐದು ನಕಲು ಪ್ರತಿಗಳು. ಐದರಲ್ಲೂ ‘ವಿದ್ಯಾರ್ಥಿಯ ಪ್ರಗತಿ’ ಎಂಬ ಕಲಮಿನ ಎದುರು ಒಂದೇ ಷರಾ: ತೃಪ್ತಿಕರ. ಕೆಳಗೆ ಮೂವರ ಸಹಿ. ಮೂರನೆಯದು ನನ್ನದು.

ಇದು 2010ರ ದಶಕದ ಮೊದಲ ವರ್ಷಗಳ ಮಾತು. ಆ ಹುಡುಗಿ ಉತ್ತರ ಕರ್ನಾಟಕದ ಸಣ್ಣ ಊರಿನಿಂದ ಬಂದವಳು. ರಾಷ್ಟ್ರಮಟ್ಟದ ಪರೀಕ್ಷೆ ಬರೆದು ಫೆಲೊಶಿಪ್ ಗಳಿಸಿದ್ದಳು. ಬೆಳಿಗ್ಗೆ ಎಂಟಕ್ಕೇ ಪ್ರಯೋಗಾಲಯದಲ್ಲಿರುತ್ತಿದ್ದಳು. ಪ್ರೋಟೀನ್‌ಗಳನ್ನು ಬೇರ್ಪಡಿಸಿ ಗುರುತಿಸುವ ಕೆಲಸದಲ್ಲಿ ಅವಳ ಕೈ ನುರಿತಿತ್ತು. ಇನ್ನೇನು ಮಹಾಪ್ರಬಂಧ ಸಲ್ಲಿಸಬೇಕು ಎನ್ನುವಾಗ ನಡೆದ ವಿಚಾರ ಸಂಕಿರಣಕ್ಕೆ ಹೊರಗಿನ ವಿದ್ವಾಂಸರೊಬ್ಬರು ಬಂದಿದ್ದರು. ಅವರು ಕೇಳಿದ್ದು ಎರಡೇ ಪ್ರಶ್ನೆ. ಇಷ್ಟೇ ರೋಗಿಗಳ ಮಾದರಿ ಸಾಕೆಂದು ಹೇಗೆ ನಿರ್ಧರಿಸಿದಿರಿ? ಈ ಅಂಕಿಅಂಶಗಳಿಗೆ ಇದೇ ಸಂಖ್ಯಾಶಾಸ್ತ್ರೀಯ ಪರೀಕ್ಷೆಯನ್ನು ಏಕೆ ಆರಿಸಿಕೊಂಡಿರಿ? ಅವಳು ಉತ್ತರಿಸಲಿಲ್ಲ. ಸಭೆ ಮುಗಿದ ಮೇಲೆ ನನ್ನ ಬಳಿ ಬಂದು, ‘ಇದನ್ನು ಇಷ್ಟು ವರ್ಷ ಯಾರೂ ನನ್ನನ್ನು ಕೇಳಲೇ ಇಲ್ಲವಲ್ಲ ಮೇಡಂ’ ಎಂದಳು.

ಆ ಮಾತಿನಲ್ಲಿ ಆರೋಪದ ಧ್ವನಿ ಇರಲಿಲ್ಲ. ಅದಕ್ಕೇ ಅದು ಇಂದಿಗೂ ನನ್ನನ್ನು ಚುಚ್ಚುತ್ತದೆ. ಹೊಸದಾಗಿ ಮಾದರಿಗಳನ್ನು ಸಂಗ್ರಹಿಸಿ ಅರ್ಧದಷ್ಟು ಕೆಲಸವನ್ನು ಅವಳು ಮತ್ತೆ ಮಾಡಬೇಕಾಯಿತು. ಐದು ವರ್ಷಗಳ ಫೆಲೊಶಿಪ್ ಅಷ್ಟರಲ್ಲಿ ಮುಗಿದಿತ್ತು. ಸಂಜೆ ಟ್ಯುಟೋರಿಯಲ್‌ನಲ್ಲಿ ಪಾಠ ಹೇಳುತ್ತಾ, ಹಗಲು ಪ್ರಯೋಗಾಲಯಕ್ಕೆ ಬರುತ್ತಾ ಒಂದೂವರೆ ವರ್ಷ ಕಳೆದಳು. ಕೊನೆಗೆ ಪದವಿಯೇನೋ ಬಂತು. ಆದರೆ ಮುಂದೆ ಸಂಶೋಧನೆ ಮಾಡುವ ಆಸೆಯನ್ನು ಅವಳು ಆ ಒಂದೂವರೆ ವರ್ಷದಲ್ಲಿಯೇ ಬಿಟ್ಟುಬಿಟ್ಟಿದ್ದಳು. ಅಂದು ನಪಾಸಾದವರು ಯಾರು, ಅವಳೋ ಅಥವಾ ಐದು ವರ್ಷ ‘ತೃಪ್ತಿಕರ’ ಎಂದು ಬರೆದು ಸಹಿ ಹಾಕಿದ ನಾವೋ?

ನಿಯಮಗಳು ಇರಲಿಲ್ಲವೆಂದಲ್ಲ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2009ರ ನಿಯಮಾವಳಿ ಪಿಎಚ್‌.ಡಿ.ಗೆ ಕೋರ್ಸ್‌ವರ್ಕ್ ಕಡ್ಡಾಯಗೊಳಿಸಿತು. 2016ರ ನಿಯಮಾವಳಿಯ ಪ್ರಕಾರ ವಿದ್ಯಾರ್ಥಿಯು ಆರು ತಿಂಗಳಿಗೊಮ್ಮೆ ಸಂಶೋಧನಾ ಸಲಹಾ ಸಮಿತಿಯ ಮುಂದೆ ತನ್ನ ಕೆಲಸವನ್ನು ಮಂಡಿಸಬೇಕಾಯಿತು. ಸಂಶೋಧನೆ ಮತ್ತು ಪ್ರಕಟಣೆಯ ನೈತಿಕತೆಯ ಕುರಿತ ಎರಡು ಕ್ರೆಡಿಟ್‌ಗಳ ಪಾಠವನ್ನು ಆಯೋಗ 2019ರಲ್ಲಿ ಸೇರಿಸಿತು. 2022ರ ನವೆಂಬರ್‌ನಲ್ಲಿ ಬಂದ ಹೊಸ ನಿಯಮಾವಳಿ ಪ್ರತಿ ಸೆಮಿಸ್ಟರ್‌ನಲ್ಲೂ ಸಮಿತಿಯ ಮುಂದೆ ಹಾಜರಾಗುವ ಕ್ರಮವನ್ನು ಉಳಿಸಿಕೊಂಡು, ಮಹಾಪ್ರಬಂಧಕ್ಕೆ ಮೊದಲು ಲೇಖನ ಪ್ರಕಟಿಸಲೇಬೇಕೆಂಬ ಷರತ್ತನ್ನು ಕೈಬಿಟ್ಟಿತು.

ಈ ಕೊನೆಯ ಬದಲಾವಣೆಯ ಹಿಂದೆ ಒಂದು ಪಾಠವಿದೆ. ಪ್ರಕಟವಾದ ಲೇಖನವೇ ಕಲಿಕೆಯ ಅಳತೆಗೋಲು ಎಂದು ನಂಬಿದ್ದ ಕಾಲದಲ್ಲಿ, ಹಣ ಕೊಟ್ಟರೆ ಏನನ್ನಾದರೂ ಅಚ್ಚು ಹಾಕುವ ನಿಯತಕಾಲಿಕಗಳು ಅಣಬೆಗಳಂತೆ ಹುಟ್ಟಿಕೊಂಡವು. ಅವುಗಳನ್ನು ಜರಡಿ ಹಿಡಿಯಲು ಆಯೋಗವೇ 2018ರಲ್ಲಿ ‘ಕೇರ್’ ಎಂಬ ಪ್ರತ್ಯೇಕ ವ್ಯವಸ್ಥೆಯನ್ನು ಘೋಷಿಸಬೇಕಾಯಿತು. ಅಳತೆಗೋಲನ್ನೇ ಗುರಿ ಮಾಡಿಕೊಂಡಾಗ ಜನ ಅಳತೆಗೋಲನ್ನು ತಲುಪುತ್ತಾರೆ. ಗುರಿ ಇದ್ದಲ್ಲಿಯೇ ಇರುತ್ತದೆ.

ವೈದ್ಯಕೀಯ ಸ್ನಾತಕೋತ್ತರ ಶಿಕ್ಷಣದ ಕಥೆಯೂ ಬೇರೆಯಲ್ಲ. 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ಎಂ.ಡಿ., ಎಂ.ಎಸ್. ಓದುವವರು ಮೂರು ವರ್ಷಗಳಲ್ಲಿ ರೋಗಿಗಳ ಆರೈಕೆಯ ಜೊತೆಗೇ ಒಂದು ಪ್ರಬಂಧವನ್ನೂ ಬರೆಯಬೇಕು. ಲಾಗ್‌ಬುಕ್ ಇರಿಸಬೇಕು. ಭಾರತೀಯ ವೈದ್ಯಕೀಯ ಮಂಡಳಿಯ ಜಾಗಕ್ಕೆ 2020ರಲ್ಲಿ ಬಂದ ರಾಷ್ಟ್ರೀಯ ವೈದ್ಯಕೀಯ ಆಯೋಗವು, ಎಷ್ಟು ತಿಂಗಳು ಓದಿದರು ಎಂಬುದಕ್ಕಿಂತ ಏನು ಮಾಡಬಲ್ಲರು ಎಂಬುದನ್ನು ನೋಡುವ ಸಾಮರ್ಥ್ಯಾಧಾರಿತ ಶಿಕ್ಷಣವನ್ನು ಒತ್ತಿ ಹೇಳುತ್ತಿದೆ. ಆಶಯ ಸರಿಯಾದುದೇ. ಆದರೆ ಪರೀಕ್ಷೆಗೆ ಹಿಂದಿನ ವಾರ ಒಂದೇ ಪೆನ್ನಿನಲ್ಲಿ, ಒಂದೇ ರಾತ್ರಿ ಭರ್ತಿಯಾದ ಲಾಗ್‌ಬುಕ್‌ಗಳನ್ನು ಪರೀಕ್ಷಕಳಾಗಿ ನಾನು ಕಂಡಿದ್ದೇನೆ. ನೋಡಿಯೂ ಸುಮ್ಮನಿದ್ದೇನೆ.

ಇಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳನ್ನು ನಾವು ಒಂದಾಗಿಸಿಬಿಟ್ಟಿದ್ದೇವೆ ಎಂದು ನನಗನ್ನಿಸುತ್ತದೆ. ವಿದ್ಯಾರ್ಥಿ ಏನು ಕಲಿತಳು ಎಂಬುದು ಒಂದು ಪ್ರಶ್ನೆ. ನಾವು ನಡೆಸುವ ಶಿಕ್ಷಣ ಕ್ರಮ ಕಲಿಸುತ್ತಿದೆಯೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಪರೀಕ್ಷೆ, ಸೆಮಿನಾರು, ವೈವಾಗಳಿವೆ. ಎರಡನೆಯದನ್ನು ಕೇಳಬೇಕಾದವರು ಸಂಸ್ಥೆಯವರು, ಉತ್ತರಿಸಬೇಕಾದವರೂ ಅವರೇ. ಆದ್ದರಿಂದ ಅದು ಸಾಮಾನ್ಯವಾಗಿ ಹುಟ್ಟುವುದೇ ಇಲ್ಲ.

ಈ ಎರಡನೆಯ ಪ್ರಶ್ನೆಯನ್ನು ಕೇಳಿದ ಒಂದು ಉಜ್ವಲ ಉದಾಹರಣೆ ನಮ್ಮ ಬಡಾವಣೆಯಿಂದ ಹೆಚ್ಚು ದೂರವಿಲ್ಲ. ಅದು ಶಿಕ್ಷಣದ ಕ್ಷೇತ್ರದ್ದಲ್ಲ, ಆದರೂ ನಮಗೆ ಬೇಕಾದ ಪಾಠ ಅದರಲ್ಲಿದೆ. ಬಳ್ಳಾರಿ ರಸ್ತೆಯ ‘ಅವಲಾನ್’ ಎಂಬ ಹಳೆಯ ಬಂಗಲೆಯಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. ಹಳ್ಳಿಗರು ಅಜ್ಞಾನಿಗಳು, ಕ್ಷಯದ ಲಕ್ಷಣಗಳು ಅವರಿಗೆ ತಿಳಿಯುವುದಿಲ್ಲ, ತಾವಾಗಿ ಆಸ್ಪತ್ರೆಗೆ ಬರುವುದಿಲ್ಲ ಎಂಬ ನಂಬಿಕೆ ಆಗ ವ್ಯಾಪಕವಾಗಿತ್ತು. ಆ ಸಂಸ್ಥೆಯ ಸಮಾಜವಿಜ್ಞಾನಿ ದೇಬಬರ್ ಅಥವಾ ಸಂಕ್ಷಿಪ್ತವಾಗಿ ಡಿ. ಬ್ಯಾನರ್ಜಿ ಎಂದೇ ಪರಿಚಿತರಾದವರು ಮತ್ತು ಸ್ಟಿಗ್ ಆ್ಯಂಡರ್ಸನ್ ಇದನ್ನು ನಂಬುವ ಬದಲು ತುಮಕೂರು ಜಿಲ್ಲೆಯ ಹಳ್ಳಿಗಳ ರೋಗಿಗಳನ್ನೇ ಕೇಳಿ ನೋಡಿದರು. 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಪ್ರಕಟವಾದ ಆ ಅಧ್ಯಯನ ಹೇಳಿದ್ದು ಬೇರೆಯೇ. ಬಹುಪಾಲು ರೋಗಿಗಳಿಗೆ ತಮ್ಮ ಲಕ್ಷಣಗಳ ಅರಿವಿತ್ತು. ಸುಮಾರು ಅರ್ಧದಷ್ಟು ಮಂದಿ ಚಿಕಿತ್ಸೆ ಅರಸಿ ಹೋಗಿಯೂ ಇದ್ದರು. ಹೋದವರಿಗೆ ಅಲ್ಲಿ ದೊರೆತದ್ದು ಹೆಚ್ಚಾಗಿ ಕೆಮ್ಮಿನ ಔಷಧಿಯ ಸೀಸೆ. ಕೊರತೆ ಹಳ್ಳಿಗರದಾಗಿರಲಿಲ್ಲ, ದವಾಖಾನೆಯದಾಗಿತ್ತು. ಸಾಮಾನ್ಯ ಆರೋಗ್ಯ ಕೇಂದ್ರದಲ್ಲಿಯೇ ಕ್ಷಯವನ್ನು ಪತ್ತೆಹಚ್ಚಿ ಚಿಕಿತ್ಸೆ ನೀಡುವ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಈ ಸಂಸ್ಥೆಯ ಅಧ್ಯಯನಗಳೇ ತಳಹದಿಯಾದವು.

ನಮ್ಮ ವಿದ್ಯಾರ್ಥಿನಿಗೆ ನಾವು ಐದು ವರ್ಷ ಕೊಟ್ಟಿದ್ದೂ ಕೆಮ್ಮಿನ ಔಷಧಿಯನ್ನೇ ಅಲ್ಲವೇ?

ಆ ಘಟನೆಯ ಬಳಿಕ ನಾನೂ ಕೆಲವು ಸಹೋದ್ಯೋಗಿಗಳೂ ಒಂದು ಸಣ್ಣ ಪ್ರಯೋಗ ಮಾಡಿದೆವು. ಪಿಎಚ್‌.ಡಿ. ಮುಗಿಸಿದವರು ಸ್ವತಂತ್ರವಾಗಿ ಏನೇನು ಮಾಡಬಲ್ಲವರಾಗಿರಬೇಕು ಎಂದು ಒಂದು ಹಾಳೆಯಲ್ಲಿ ಪಟ್ಟಿ ಮಾಡಿದೆವು. ಪ್ರಶ್ನೆಯೊಂದನ್ನು ಪರೀಕ್ಷಿಸಬಹುದಾದ ರೂಪದಲ್ಲಿ ಮಂಡಿಸುವುದು, ಪ್ರಯೋಗವನ್ನು ಅದಕ್ಕೆ ತಕ್ಕ ಹೋಲಿಕೆಗಳೊಡನೆ ಯೋಜಿಸುವುದು, ಮಾದರಿಯ ಗಾತ್ರ ನಿರ್ಧರಿಸುವುದು, ಬೇರೆಯವರ ಲೇಖನದ ದೋಷ ಗುರುತಿಸುವುದು, ರೋಗಿಯ ಒಪ್ಪಿಗೆ ಪಡೆಯುವುದರ ಅರ್ಥ ತಿಳಿದಿರುವುದು, ತನ್ನ ಕೆಲಸವನ್ನು ಹೊರಗಿನವರಿಗೆ ವಿವರಿಸುವುದು. ಇಂಥ ಆರು ಅಂಶಗಳು, ಅಷ್ಟೇ. ವರ್ಷಕ್ಕೊಮ್ಮೆ ಪ್ರತಿ ವಿದ್ಯಾರ್ಥಿಗೂ ಒಂದು ಪ್ರಕಟಿತ ಲೇಖನ ಕೊಟ್ಟು, ಇದರಲ್ಲಿ ಯಾವ ಹೋಲಿಕೆ ಬಿಟ್ಟುಹೋಗಿದೆ, ಈ ತೀರ್ಮಾನಕ್ಕೆ ಈ ಚಿತ್ರ ಸಾಕೇ ಎಂದು ಅರ್ಧ ಗಂಟೆ ಮಾತಾಡಿಸಿದೆವು. ಅಂಕ ಕೊಡಲಿಲ್ಲ. ಯಾವ ಅಂಶದಲ್ಲಿ ನೆರವಿಲ್ಲದೆ ನಿಲ್ಲಬಲ್ಲರು, ಯಾವುದರಲ್ಲಿ ಇನ್ನೂ ಕೈ ಹಿಡಿಯಬೇಕು ಎಂದಷ್ಟೇ ಎರಡು ಸಾಲು ಬರೆದು, ಅದನ್ನು ವಿದ್ಯಾರ್ಥಿಗೂ ಓದಲು ಕೊಟ್ಟೆವು.

ಮೊದಲ ವರ್ಷವೇ ಒಂದು ಸಂಗತಿ ಎದ್ದು ಕಂಡಿತು. ಸಂಖ್ಯಾಶಾಸ್ತ್ರದ ಪ್ರಶ್ನೆ ಬಂದಾಗ ಹೆಚ್ಚಿನವರೆಲ್ಲರೂ ಒಂದೇ ಜಾಗದಲ್ಲಿ ತಡವರಿಸಿದರು. ಅವರೆಲ್ಲ ಅದೇ ವಿಷಯದ ಕೋರ್ಸ್‌ವರ್ಕ್ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಪಡೆದವರು. ಒಬ್ಬ ವಿದ್ಯಾರ್ಥಿ ತಡವರಿಸಿದರೆ ಅದು ಅವನ ದೌರ್ಬಲ್ಯವಿರಬಹುದು. ಎಲ್ಲರೂ ತಡವರಿಸಿದರೆ ಅದು ಪಾಠದ ದೌರ್ಬಲ್ಯ. ಸೂತ್ರಗಳನ್ನು ಬಾಯಿಪಾಠ ಮಾಡಿಸುತ್ತಿದ್ದ ಆ ಪಾಠವನ್ನು ಕೈಬಿಟ್ಟು, ವಿದ್ಯಾರ್ಥಿಗಳ ಸ್ವಂತ ಅಂಕಿಅಂಶಗಳನ್ನೇ ಮುಂದಿಟ್ಟುಕೊಂಡು ಕಲಿಸತೊಡಗಿದೆವು. ಹೀಗೆ ಒಬ್ಬೊಬ್ಬರ ಕಲಿಕೆಯ ಮೌಲ್ಯಮಾಪನಗಳನ್ನು ಒಟ್ಟುಗೂಡಿಸಿ ನೋಡಿದಾಗಲೇ ಶಿಕ್ಷಣ ಕ್ರಮದ ಮೌಲ್ಯಮಾಪನ ಸಾಧ್ಯವೆಂಬುದು ನನಗೆ ಅಷ್ಟು ತಡವಾಗಿ ಹೊಳೆಯಿತು.

ಇನ್ನೊಂದು ಬದಲಾವಣೆಗೆ ವಿರೋಧ ಬಂತು. ಸಮಿತಿಯ ಸಭೆಯ ಕೊನೆಯ ಹತ್ತು ನಿಮಿಷ ಗೈಡ್ ಹೊರಗಿದ್ದು, ವಿದ್ಯಾರ್ಥಿ ಉಳಿದ ಸದಸ್ಯರೊಡನೆ ಮಾತನಾಡಬೇಕು ಎಂದು ನಾವು ಸೂಚಿಸಿದೆವು. ಇದು ಗುರುಗಳ ಮೇಲಿನ ಅವಿಶ್ವಾಸವೆಂದು ಕೆಲವರು ನೊಂದುಕೊಂಡರು. ಆದರೆ ತನ್ನ ಪದವಿ, ಫೆಲೊಶಿಪ್‌ನ ಸಹಿ, ನಾಳೆಯ ಶಿಫಾರಸು ಪತ್ರ ಎಲ್ಲವೂ ಯಾರ ಕೈಯಲ್ಲಿವೆಯೋ ಅವರ ಎದುರೇ ‘ನನಗೆ ತಿಳಿಯುತ್ತಿಲ್ಲ’ ಎಂದು ಹೇಳುವ ಧೈರ್ಯ ಎಷ್ಟು ಮಂದಿಗಿದ್ದೀತು? ಆ ಹತ್ತು ನಿಮಿಷಗಳಲ್ಲಿ ಯಾರೂ ಗೈಡ್‌ಗಳನ್ನು ದೂರಲಿಲ್ಲ. ಹೆಚ್ಚಿನವರು ಹೇಳಿದ್ದು ತಮ್ಮ ಭಯಗಳನ್ನು.

ಹೊರದೇಶಗಳಲ್ಲಿಯೂ ಈ ಚಿಂತೆ ಇದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ನೇಮಿಸಿದ್ದ, ಜೀವವಿಜ್ಞಾನಿ ಶರ್ಲಿ ಟಿಲ್ಗ್‌ಮನ್ ಸಹಅಧ್ಯಕ್ಷರಾಗಿದ್ದ ಕಾರ್ಯತಂಡವು 2012ರಲ್ಲಿ ಜೀವವೈದ್ಯಕೀಯ ಸಂಶೋಧಕರ ತರಬೇತಿಯ ಕುರಿತು ವರದಿ ನೀಡಿತು. ಪ್ರತಿ ವಿದ್ಯಾರ್ಥಿಗೂ ತನ್ನದೇ ಆದ ಬೆಳವಣಿಗೆಯ ಯೋಜನೆ ಇರಬೇಕು, ಪದವಿ ಪಡೆದವರು ಮುಂದೆ ಎಲ್ಲಿ ಹೋದರೆಂಬುದನ್ನು ಸಂಸ್ಥೆಗಳು ಬಹಿರಂಗಪಡಿಸಬೇಕು ಎಂಬುವು ಅದರ ಸಲಹೆಗಳಲ್ಲಿ ಮುಖ್ಯವಾದವು. 2017ರಲ್ಲಿ ಅಲ್ಲಿನ ಕೆಲವು ವಿಶ್ವವಿದ್ಯಾಲಯಗಳು ಕೂಡಿ, ಇಂಥ ಮಾಹಿತಿಯನ್ನು ಸಾರ್ವಜನಿಕವಾಗಿ ನೀಡುವುದಾಗಿ ಮಾತು ಕೊಟ್ಟವು. ಭಾರತೀಯ ವಿಜ್ಞಾನ ಸಂಸ್ಥೆ, ನಿಮ್ಹಾನ್ಸ್, ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರಗಳಂಥ ಹೆಸರಾಂತ ಸಂಸ್ಥೆಗಳಿರುವ ನಮ್ಮ ಊರಿನಲ್ಲಿ, ಚಿಕ್ಕ ಕಾಲೇಜಿನ ಸಂಶೋಧನಾ ಕೇಂದ್ರವೂ ಅಷ್ಟನ್ನಾದರೂ ಮಾಡಲು ಅಡ್ಡಿಯೇನು? ಎಷ್ಟು ಮಂದಿ ಸೇರಿದರು, ಎಷ್ಟು ಮಂದಿ ಮುಗಿಸಿದರು, ಎಷ್ಟು ವರ್ಷ ಹಿಡಿಯಿತು, ನಡುವೆ ಬಿಟ್ಟವರು ಏಕೆ ಬಿಟ್ಟರು ಎಂಬ ನಾಲ್ಕು ಸಾಲುಗಳು ಸಾಕು.

ಅಧ್ಯಾಪಕರ ಗೊಣಗಾಟ ನನಗೆ ಕೇಳಿಸುತ್ತಿದೆ: ‘ಈಗಾಗಲೇ ನಮೂನೆಗಳನ್ನು ತುಂಬಿ ಸಾಕಾಗಿದೆ, ಇನ್ನೊಂದೇ?’ ನಾಗರಬಾವಿಯಲ್ಲಿ ಕೇಂದ್ರ ಕಚೇರಿ ಇರುವ ನ್ಯಾಕ್‌ನ ಮಾನ್ಯತೆಗಾಗಿ ಕೋರ್ಸ್‌ನ ಫಲಿತಗಳೆಂದೂ ಕಾರ್ಯಕ್ರಮದ ಫಲಿತಗಳೆಂದೂ ಕೋಷ್ಟಕಗಳನ್ನು ಸಿದ್ಧಪಡಿಸಿದವರ ದಣಿವು ನನಗೂ ಗೊತ್ತು. ನಾನು ಹೊಸ ನಮೂನೆಯನ್ನು ಕೇಳುತ್ತಿಲ್ಲ. ಇರುವ ಹತ್ತು ಹಾಳೆಗಳಲ್ಲಿ ಒಂಬತ್ತನ್ನು ಬಿಟ್ಟು, ಉಳಿದ ಒಂದನ್ನು ಪ್ರಾಮಾಣಿಕವಾಗಿ ಬರೆಯೋಣ ಎನ್ನುತ್ತಿದ್ದೇನೆ. ಬರೆದದ್ದನ್ನು ಯಾರಾದರೂ ಓದಬೇಕು, ಓದಿದವರು ಮುಂದಿನ ವರ್ಷದ ಪಾಠದಲ್ಲಿ ಏನನ್ನಾದರೂ ಬದಲಿಸಬೇಕು. ಅದಕ್ಕೊಬ್ಬ ಹೊಣೆಗಾರ ಅಧ್ಯಾಪಕರಿರಬೇಕು, ಆ ಕೆಲಸಕ್ಕೆ ಅವರ ಬೋಧನಾ ಅವಧಿಯಲ್ಲಿ ವಿನಾಯಿತಿಯೂ ಸಿಗಬೇಕು. ಹೊಣೆಗಾರರಿಲ್ಲದ ಮೌಲ್ಯಮಾಪನ ಕಡತದಲ್ಲಿಯೇ ಉಳಿಯುತ್ತದೆ.

ಸಂಶೋಧನೆಯನ್ನು ಅಳೆಯಲಾಗದು, ಅದು ಗುರುವಿನ ಒಡನಾಟದಲ್ಲಿ ತಾನಾಗಿ ಬರುವಂಥದ್ದು ಎನ್ನುವವರೂ ಇದ್ದಾರೆ. ಆ ಮಾತಿನಲ್ಲಿ ಸತ್ಯವಿದೆ. ಆದರೆ ಸಂಗೀತದ ಗುರು ಶಿಷ್ಯನನ್ನು ದಿನವೂ ಎದುರು ಕೂರಿಸಿಕೊಂಡು ಹಾಡಿಸುತ್ತಾರೆ, ಶ್ರುತಿ ತಪ್ಪಿದಲ್ಲಿ ಆಗಲೇ ತಡೆಯುತ್ತಾರೆ. ರಂಗಪ್ರವೇಶದ ದಿನದವರೆಗೆ ‘ತೃಪ್ತಿಕರ’ ಎನ್ನುತ್ತಾ ಕೂರುವುದಿಲ್ಲ.

ಇದು ಕೇವಲ ಒಬ್ಬ ವಿದ್ಯಾರ್ಥಿನಿಯ ವರ್ಷಗಳ ಪ್ರಶ್ನೆಯೂ ಅಲ್ಲ. ಮಾದರಿಯ ಗಾತ್ರ ತಿಳಿಯದೆ ಮಾಡಿದ ಅಧ್ಯಯನಕ್ಕೂ ರಕ್ತ ಕೊಟ್ಟವರು ರೋಗಿಗಳೇ. ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯಂಥ ಕಡೆ ಬೆಳಗಿನಿಂದ ಸಾಲಿನಲ್ಲಿ ನಿಲ್ಲುವ ಜನ, ತಮ್ಮ ಮೇಲೆ ನಡೆಯುವ ಅಧ್ಯಯನದಿಂದ ನಾಳೆ ಇನ್ನೊಬ್ಬರಿಗಾದರೂ ಒಳಿತಾದೀತು ಎಂದು ನಂಬಿಯೇ ಒಪ್ಪಿಗೆಯ ಪತ್ರಕ್ಕೆ ಹೆಬ್ಬೆಟ್ಟು ಒತ್ತುತ್ತಾರೆ. ಆ ನಂಬಿಕೆಗೆ ನಾವು ಕೊಡಬಹುದಾದ ಕನಿಷ್ಠ ಗೌರವವೆಂದರೆ, ಪ್ರಶ್ನೆ ಕೇಳಲು ಬಲ್ಲ ಸಂಶೋಧಕರನ್ನು ತಯಾರಿಸುವುದು.

ಬೀರುವಿನ ಉಳಿದ ಕಾಗದಗಳನ್ನೆಲ್ಲ ರದ್ದಿಯವನಿಗೆ ಕೊಟ್ಟೆ. ಆ ಐದು ವರದಿಗಳನ್ನು ಮಾತ್ರ ಕೊಡಲಾಗಲಿಲ್ಲ. ಇಂದು ಸಲಹಾ ಸಮಿತಿಗಳಲ್ಲಿ ಕುಳಿತಿರುವ ಕಿರಿಯ ಮಿತ್ರರಲ್ಲಿ ನನ್ನದೊಂದು ವಿನಂತಿ: ಮುಂದಿನ ಬಾರಿ ಆ ಕಲಮಿನ ಎದುರು ಪೆನ್ನು ಹಿಡಿದಾಗ, ‘ತೃಪ್ತಿಕರ’ ಎಂದು ಬರೆಯುವ ಮೊದಲು ಎದುರಿಗಿರುವ ವಿದ್ಯಾರ್ಥಿಯನ್ನು ಒಂದು ಪ್ರಶ್ನೆ ಕೇಳಿ. ಉತ್ತರ ಬಾರದಿದ್ದರೆ, ಅದನ್ನು ಕಲಿಸಲು ಇನ್ನೂ ಸಮಯವಿರುತ್ತದೆ.