ಬಾಸ್ಕೆಟ್‌ಬಾಲ್ ಆಟಗಾರನ ಮುಂದಿನ ಹಾದಿ

ಕಳೆದ ವರ್ಷ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ತಂದೆಯವರು ನಮ್ಮನ್ನು ಕಾಣಲು ಬಂದಿದ್ದರು. ಹುಡುಗನು ಹನ್ನೆರಡನೆಯ ತರಗತಿಯನ್ನು ಮುಗಿಸಿದ್ದನು. ಎತ್ತರದ ಆಳು, ಬಾಸ್ಕೆಟ್‌ಬಾಲ್ ಆಟದಲ್ಲಿ ಚುರುಕು. ಆಟಗಾರರಿಗೆ ಮೀಸಲಾದ ಸ್ಥಾನವೊಂದು ಅವನಿಗೆ ಕಾಲೇಜಿನಲ್ಲಿ ದೊರೆಯುವಂತಿತ್ತು. ಹೋಟೆಲಿನಲ್ಲಿ ದುಡಿದು ಮನೆ ನಡೆಸುವ ತಂದೆಯವರಿಗೆ ಇದು ಒಪ್ಪಿಗೆಯಾಗಿರಲಿಲ್ಲ. “ಮಾಸ್ಟ್ರೇ, ಹೊಟ್ಟೆಗೆ ಹಿಟ್ಟಿಲ್ಲದವರಿಗೆ ಜುಟ್ಟಿಗೆ ಮಲ್ಲಿಗೆ ಯಾಕೆ?” ಎಂದು ಕೇಳಿದರು. ಅಂದು ನಾವಿತ್ತ ಉತ್ತರವು ನಮಗೇ ಸಮಾಧಾನ ತರಲಿಲ್ಲ. ಊರಿನ ಶಾಲೆಯಲ್ಲಿ ಕಬಡ್ಡಿ, ಖೋಖೋಗಳ ಹೊರತು ಬೇರೆ ಆಟವನ್ನರಿಯದೆ ಬೆಳೆದವರು ನಾವು. ಆದುದರಿಂದ ವಿಷಯವನ್ನು ವಿಚಾರಿಸಿ ತಿಳಿದುಕೊಂಡು, ಇಲ್ಲಿ ಬರೆಯುತ್ತಿದ್ದೇವೆ.

ಈ ಆಟವು ಹುಟ್ಟಿದ್ದು ೧೮೯೧ರ ಡಿಸೆಂಬರಿನಲ್ಲಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಪಟ್ಟಣದಲ್ಲಿ. ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಬಹುದಾದ ಆಟವೊಂದು ಬೇಕೆಂದು ಜೇಮ್ಸ್ ನೈಸ್ಮಿತ್ ಎಂಬ ವ್ಯಾಯಾಮ ಶಿಕ್ಷಕರು ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಹತ್ತು ಅಡಿ ಎತ್ತರದಲ್ಲಿ ಕಟ್ಟಿಸಿದರು. ಬುಟ್ಟಿ ಹೋಗಿ ಕಬ್ಬಿಣದ ಬಳೆ ಬಂದರೂ ಆ ಎತ್ತರವು ಇಂದಿಗೂ ಬದಲಾಗಿಲ್ಲ. ಅಂಗಣದ ಅಳತೆ ೨೮ ಮೀಟರ್ ಉದ್ದ, ೧೫ ಮೀಟರ್ ಅಗಲ, ಅಷ್ಟೇ. ಕ್ರಿಕೆಟಿಗೆ ಬೇಕಾಗುವ ಬಯಲಿನ ಒಂದು ಮೂಲೆಯಲ್ಲಿ ಇದು ಅಡಗೀತು! ಮುಂಬಯಿಯಂತಹ ಇಕ್ಕಟ್ಟಾದ ನಗರಕ್ಕೆ ಇದಕ್ಕಿಂತ ಹೊಂದುವ ಆಟ ಯಾವುದಿದೆ?

ಮುಂಬಯಿಯಲ್ಲಿ ಈ ಆಟದ ತೌರುಮನೆಯೆಂದರೆ ನಾಗಪಾಡಾ. ಮುಂಬಯಿ ಸೆಂಟ್ರಲ್ ಮತ್ತು ಭಾಯಖಳಾ ನಿಲ್ದಾಣಗಳ ನಡುವಣ ಈ ಜನನಿಬಿಡ ಬಡಾವಣೆಯಲ್ಲಿ, ಕ್ಲಿಫರ್ಡ್ ಮ್ಯಾನ್ಶಾರ್ಟ್ ಎಂಬ ಅಮೆರಿಕನ್ ಪಾದ್ರಿಯವರು ೧೯೨೦ರ ದಶಕದಲ್ಲಿ ‘ನಾಗಪಾಡಾ ನೇಬರ್‌ಹುಡ್ ಹೌಸ್’ ಎಂಬ ಸೇವಾಕೇಂದ್ರವನ್ನು ನಡೆಸತೊಡಗಿದರು. (ಇಂದು ಟಾಟಾ ಸಮಾಜವಿಜ್ಞಾನ ಸಂಸ್ಥೆಯೆಂದು ಹೆಸರಾದ ವಿದ್ಯಾಲಯವು ೧೯೩೬ರಲ್ಲಿ ಆರಂಭವಾದದ್ದೂ ಅದೇ ಕಟ್ಟಡದಲ್ಲಿ.) ಸುತ್ತಣ ಚಾಳುಗಳ ಮಕ್ಕಳು ಸಂಜೆಯ ಹೊತ್ತು ಅಲ್ಲಿ ಚೆಂಡು ಹಿಡಿಯಲು ಕಲಿತರು. ಹಾಗೆ ನಾಗಪಾಡಾದಲ್ಲಿ ಬೆಳೆದ ಅಬ್ಬಾಸ್ ಮುಂತಸೀರ್ ಅವರು ಭಾರತ ತಂಡದ ನಾಯಕರಾದರು. ೧೯೭೦ರಲ್ಲಿ ಅರ್ಜುನ ಪ್ರಶಸ್ತಿಯನ್ನು ಪಡೆದರು. ಅವರ ಬಳಿಕವೂ ಆ ಬೀದಿಗಳಿಂದ ರಾಷ್ಟ್ರಮಟ್ಟದ ಆಟಗಾರರು ಬರುತ್ತಲೇ ಇದ್ದಾರೆ. ಶ್ರೀಮಂತರ ಕ್ಲಬ್ಬುಗಳಿಗಿಂತ ಇಂತಹ ಓಣಿಗಳೇ ಈ ಆಟವನ್ನು ಸಾಕಿದುವೆಂಬುದನ್ನು ಹುಡುಗನ ತಂದೆಯವರಿಗೆ ನಾವು ಒತ್ತಿ ಹೇಳಿದೆವು.

ಇನ್ನು ಕಾಲೇಜಿನ ಬಾಳು. ತಂಡಕ್ಕೆ ಆರಿಸಲ್ಪಡುವವರು ಹನ್ನೆರಡು ಮಂದಿ, ಅಂಗಣದಲ್ಲಿ ಏಕಕಾಲಕ್ಕೆ ಆಡುವವರು ಐವರು; ಉಳಿದ ಏಳು ಮಂದಿ ಬೆಂಚಿನ ಮೇಲೆ ಕುಳಿತು ಕರೆ ಬರುವುದನ್ನೇ ಕಾಯುತ್ತಾರೆ. ಅಂತರ ಕಾಲೇಜು ಪಂದ್ಯಗಳಲ್ಲಿ ಮೆರೆದವನು ಮುಂಬಯಿ ವಿಶ್ವವಿದ್ಯಾಲಯದ ತಂಡಕ್ಕೆ ಏರಬಹುದು; ಅಲ್ಲಿಂದ ಪಶ್ಚಿಮ ವಲಯದ ಪಂದ್ಯಗಳು, ಅದರಲ್ಲಿ ಗೆದ್ದರೆ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಪಂದ್ಯಗಳು. ಇದಕ್ಕೆ ವಯಸ್ಸಿನ ಮಿತಿಯುಂಟು. ಇಪ್ಪತ್ತೈದು ದಾಟಿದವನಿಗೆ ಈ ಬಾಗಿಲು ಮುಚ್ಚುವುದು. ಅಭ್ಯಾಸವು ಪಾಠಗಳಿಗೆ ಮುಂಚೆಯೇ ನಡೆಯುವುದರಿಂದ, ಡೊಂಬಿವಲಿಯ ಹುಡುಗನು ಬೆಳಕು ಹರಿಯುವ ಮುನ್ನವೇ ಲೋಕಲ್ ಗಾಡಿ ಹಿಡಿಯಬೇಕು. ಮಧ್ಯಾಹ್ನದ ತರಗತಿಯಲ್ಲಿ ಅವನು ತೂಕಡಿಸಿದರೆ ನಮ್ಮಂತಹ ಅಧ್ಯಾಪಕರು ಗದರುತ್ತೇವೆ, ಚೆಂಡು ಕೈಜಾರಿದರೆ ತರಬೇತುದಾರರು ಗದರುತ್ತಾರೆ. ನೆಗೆದು ನೆಗೆದು ಇಳಿಯುವ ಆಟವಾದುದರಿಂದ ಮೊಣಕಾಲು, ಹರಡುಗಳಿಗೆ ಪೆಟ್ಟು ತಪ್ಪದು.

ಪದವಿಯ ತರುವಾಯವೇನು? ಅಮೆರಿಕದಲ್ಲಿ ಕಾಲೇಜಿನ ತಂಡವೇ ವೃತ್ತಿಪರ ಆಟಕ್ಕೆ ಹೆಬ್ಬಾಗಿಲು, ಅಲ್ಲಿಯೂ ಎನ್.ಬಿ.ಎ. ತಂಡಗಳು ವರ್ಷಕ್ಕೊಮ್ಮೆ ಆರಿಸಿಕೊಳ್ಳುವುದು ಸುಮಾರು ೬೦ ಮಂದಿಯನ್ನು ಮಾತ್ರ. ಪಂಜಾಬಿನ ಸತ್ನಾಮ್ ಸಿಂಗ್ ೨೦೧೫ರಲ್ಲಿ ೫೨ನೆಯವರಾಗಿ ಆರಿಸಲ್ಪಟ್ಟ ಮೊದಲ ಭಾರತೀಯರು. ಏಳಡಿಗೂ ಮಿಕ್ಕ ಎತ್ತರದ ಅವರಿಗೂ ಅಲ್ಲಿಯ ಮುಖ್ಯ ಪಂದ್ಯವೊಂದರಲ್ಲಿ ಆಡುವ ಯೋಗ ಬರಲಿಲ್ಲ. ನಮ್ಮಲ್ಲಿ ಆಟಗಾರನಿಗೆ ಅನ್ನವಿಕ್ಕುವುದು ಮುಖ್ಯವಾಗಿ ನೌಕರಿ. ಪಶ್ಚಿಮ ಮತ್ತು ಮಧ್ಯ ರೈಲ್ವೆಗಳೆರಡರ ಮುಖ್ಯ ಕಚೇರಿಗಳೂ ಈ ನಗರದಲ್ಲಿವೆ. ರೈಲ್ವೆ, ಪೊಲೀಸ್, ಸೇನೆ, ಆದಾಯ ತೆರಿಗೆ ಮೊದಲಾದ ಇಲಾಖೆಗಳು ಆಟಗಾರರಿಗಾಗಿ ಕೆಲವು ಹುದ್ದೆಗಳನ್ನಿರಿಸುತ್ತವೆ. ಹುದ್ದೆ ದೊರೆತವನು ಹಲವು ವರ್ಷ ಇಲಾಖೆಯ ತಂಡಕ್ಕೆ ಆಡುತ್ತಾನೆ. ಕಾಲು ಸೋತ ಮೇಲೆ ಅದೇ ಕಚೇರಿಯ ಮೇಜಿಗೆ ಮರಳುತ್ತಾನೆ. ಆ ಮೇಜಿನಲ್ಲಿ ಬಡ್ತಿ ಬೇಕಾದರೆ ಪುಸ್ತಕವೇ ಬೇಕು. ಆದುದರಿಂದ ಆಟದ ಪ್ರಮಾಣಪತ್ರದೊಂದಿಗೆ ಪದವಿಯ ಪತ್ರವನ್ನೂ ಪಡೆಯದೆ ಕಾಲೇಜು ಬಿಡುವುದು ಶುದ್ಧ ಅವಿವೇಕವೆಂದು ನಮ್ಮ ಅಭಿಪ್ರಾಯ.

ಇಷ್ಟನ್ನು ತಿಳಿಸಲು ನಾವು ಅವರ ಮನೆಗೆ ಹೋದೆವು. ತಂದೆಯವರು ಎಲ್ಲವನ್ನೂ ಕೇಳಿ, “ಮೊದಲ ವರ್ಷ ನೋಡುವ, ಮಾಸ್ಟ್ರೇ” ಎಂದರು. ಹುಡುಗನು ವಾಣಿಜ್ಯ ವಿಭಾಗಕ್ಕೆ ಸೇರಿದನು. ತಂಡದಲ್ಲಿ ಹನ್ನೆರಡನೆಯವನಾಗಿ ಸ್ಥಾನವೂ ದೊರೆಯಿತು. ಡಿಸೆಂಬರಿನಲ್ಲಿ ತಂದೆಯವರು ಅರ್ಧ ದಿನದ ರಜೆ ಪಡೆದು ಪಂದ್ಯ ನೋಡಲು ಹೋಗಿದ್ದರಂತೆ. ಮಗನು ನಲವತ್ತು ನಿಮಿಷವೂ ಬೆಂಚಿನ ಮೇಲೆಯೇ ಕುಳಿತಿದ್ದನು. ಮರುದಿನ ನಮಗೆ ಫೋನು ಮಾಡಿ ಅವರು ಕೇಳಿದ್ದು ಒಂದೇ ಪ್ರಶ್ನೆ: “ಮುಂದಿನ ಪಂದ್ಯ ಯಾವತ್ತು, ಮಾಸ್ಟ್ರೇ?”