ಮೊದಲ ಹಿಮ, ಹೊಸ ಹಲಗೆ

ಆಲ್ಪ್ಸ್ ಪರ್ವತದ ಇಳಿಜಾರುಗಳಲ್ಲಿ ಚಳಿಗಾಲದ ಮೊದಲ ಹಿಮ ಬಿದ್ದೊಡನೆ ಉತ್ಸಾಹಿಗಳು ಹೊಸ ಸ್ಕೀ ಹಲಗೆಗಳನ್ನು ಹೆಗಲಿಗೇರಿಸಿ ಹೊರಡುತ್ತಾರೆ. ನೋಟಕ್ಕೆ ಹಾಲು ಚೆಲ್ಲಿದಂತಿರುವ ಆ ಹಾಸು ಬಹು ತೆಳುವು; ಅದರಡಿಯ ಕಲ್ಲು ಹಲಗೆಯ ತಳವನ್ನು ಸೀಳಬಲ್ಲುದು. ಬಲ್ಲವರು ಮೊದಲ ವಾರಗಳಿಗೆ ಹಳೆಯ ಜೋಡಿಯನ್ನೇ ಮೀಸಲಿಡುವುದು ಬರಿಯ ಜಿಪುಣತನವಲ್ಲ.

ಹಲಗೆ ಕೆಟ್ಟರೆ ಹಣ ಹೋದೀತು. ಬೂಟನ್ನು ಹಲಗೆಗೆ ಬಿಗಿಯುವ ಬೈಂಡಿಂಗ್ ಎಂಬ ಕೀಲು ಕೆಟ್ಟರೆ ಕಾಲೇ ಮುರಿದೀತು. ಬಿದ್ದಾಗ ಅದು ತಾನಾಗಿ ಕಳಚಿಕೊಳ್ಳಬೇಕು. ನಾರ್ವೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ್ದ ಯಾಲ್ಮರ್ ವಾಮ್ 1937ರಲ್ಲಿ ಕಾಲು ಮುರಿದುಕೊಂಡು ಆಸ್ಪತ್ರೆ ಸೇರಿದ್ದಾಗಲೇ ಇಂತಹದೊಂದು ಕೀಲಿನ ಕಲ್ಪನೆ ಆತನಿಗೆ ಹೊಳೆಯಿತು. ಇಂದು ಧರಿಸುವವರ ತೂಕ, ಎತ್ತರ, ವಯಸ್ಸು, ನೈಪುಣ್ಯ, ಬೂಟಿನ ಅಟ್ಟೆಯ ಉದ್ದ ಇವನ್ನೆಲ್ಲ ನೋಡಿ ಅದರ ಬಿಗಿಯನ್ನು ಗೊತ್ತುಪಡಿಸುತ್ತಾರೆ. ಗೆಳೆಯನ ಹಲಗೆಯನ್ನು ಎರವಲು ಪಡೆದು ಇಳಿಯುವವರು ಮರೆಯುವುದು ಇದನ್ನೇ.