ಹಸಿಯಾಗಿ ತಿನ್ನುವ ಕುಂಬಳದ ಕಥೆ

ಸ್ಕ್ವಾಶ್ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಬೇಸಿಗೆಯಲ್ಲಿ ನೆಂಟರಿಗೆ ಕೊಡುವ ಕಿತ್ತಳೆ ಬಣ್ಣದ ಪಾನಕ. ಇಲ್ಲವೇ ನಾಲ್ಕು ಗೋಡೆಗಳ ನಡುವೆ ಚೆಂಡು ಬಡಿಯುವ ಆಟ. ಅಮೆರಿಕದ ತರಕಾರಿ ಅಂಗಡಿಯಲ್ಲಿ ಇದೇ ಮಾತು ಕೇಳಿದರೆ ಅಂಗಡಿಯವನು ಕುಂಬಳಕಾಯಿ ತೋರಿಸುತ್ತಾನೆ. ಪಾನಕಕ್ಕೂ ಆಟಕ್ಕೂ ಹೆಸರು ಬಂದಿದ್ದು 'ಹಿಂಡು, ಜಜ್ಜು' ಎಂಬರ್ಥದ ಯುರೋಪಿನ ಪದದಿಂದ. ಕುಂಬಳದ ಹೆಸರಿನ ಬೇರು ಬೇರೆಯೇ ಇದೆ.

ಅಮೆರಿಕದ ಪೂರ್ವ ಕರಾವಳಿಯಲ್ಲಿ ಈಗಿನ ರೋಡ್ ಐಲ್ಯಾಂಡ್ ರಾಜ್ಯವಿರುವ ನೆಲದಲ್ಲಿ ನ್ಯಾರಗಾನ್ಸೆಟ್ ಎಂಬ ಮೂಲನಿವಾಸಿ ಜನ ಬದುಕಿದ್ದರು. 1636ರಲ್ಲಿ ಅವರ ನಡುವೆ ನೆಲೆಸಿದ ಪಾದ್ರಿ ರೋಜರ್ ವಿಲಿಯಮ್ಸ್ ಅವರ ಮಾತು ಕಲಿತು, 1643ರಲ್ಲಿ ಲಂಡನ್ನಿನಲ್ಲಿ ಒಂದು ಪುಸ್ತಕ ಅಚ್ಚು ಹಾಕಿಸಿದ. ಅದರಲ್ಲಿ ಬರುವ ಪದ 'ಅಸ್ಕುಟಸ್ಕ್ವಾಶ್'. ಇಂಗ್ಲಿಷರ ನಾಲಿಗೆಗೆ ಅದು ಉದ್ದವಾಯಿತು. ತಲೆ ಕತ್ತರಿಸಿ ಬಾಲವನ್ನಷ್ಟೇ ಉಳಿಸಿಕೊಂಡರು. ನಿಘಂಟುಕಾರರು ಆ ಪದಕ್ಕೆ ಕೊಡುವ ಅರ್ಥ 'ಹಸಿಯಾಗಿ ತಿನ್ನುವಂಥದ್ದು'.

ಕುಂಬಳವನ್ನು ಹಸಿಯಾಗಿ ತಿನ್ನಬಹುದೇ ಎಂದು ಇಂದು ಅಮೆರಿಕದ ಅಡುಗೆಮನೆಯಲ್ಲೂ ಅನುಮಾನ ಪಡುವವರಿದ್ದಾರೆ. ಅದಕ್ಕೆ ಉತ್ತರ ಕಾಯಿಯ ಹೆಸರಿನಲ್ಲೇ ಕುಳಿತಿದೆ.

ಚಳಿಗಾಲಕ್ಕೆ ಕಾದಿಡುವ ಕಾಯಿ

ಅಮೆರಿಕದಲ್ಲಿ ಕುಂಬಳದ ಜಾತಿಗೆ ಎರಡು ಪಂಗಡ. ಸಿಪ್ಪೆ ಇನ್ನೂ ಎಳೆಯದಿರುವಾಗಲೇ ಕೊಯ್ದು ತಿನ್ನುವುದು ಬೇಸಿಗೆ ಸ್ಕ್ವಾಶ್. ಬಳ್ಳಿಯಲ್ಲೇ ಬಲಿತು, ಉಗುರು ನಾಟದಷ್ಟು ಸಿಪ್ಪೆ ಗಟ್ಟಿಯಾದ ಮೇಲೆ ಕೊಯ್ಯುವುದು ಚಳಿಗಾಲದ ಸ್ಕ್ವಾಶ್. ಇದು ಚಳಿಗಾಲದಲ್ಲಿ ಬೆಳೆಯುವುದಲ್ಲ. ಹಿಮ ಬೀಳುವ ಮುನ್ನ ಕೊಯ್ದು ಚಳಿಗಾಲವಿಡೀ ಇಟ್ಟುಕೊಳ್ಳುವುದು. ಮಲೆನಾಡಿನ ಮನೆಗಳಲ್ಲಿ ಸೌತೆಕಾಯಿಯನ್ನು ಬಾಳೆನಾರಿನಲ್ಲಿ ಕಟ್ಟಿ ಮಳೆಗಾಲಕ್ಕೆ ತೂಗುಹಾಕುವ ಹಾಗೆಯೇ ಇದೂ ಕಷ್ಟಕಾಲದ ಬುತ್ತಿ.

ಮೆಕ್ಸಿಕೊದ ಓಹಾಕ ಪ್ರಾಂತ್ಯದ ಗುಹೆಯೊಂದರಲ್ಲಿ ಸಿಕ್ಕ ಕುಂಬಳದ ಬೀಜಗಳಿಗೆ ಸುಮಾರು 10,000 ವರ್ಷಗಳ ವಯಸ್ಸೆಂದು 1997ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಆ ಖಂಡದಲ್ಲಿ ಮನುಷ್ಯ ಬೆಳೆದ ಮೊದಲ ಬೆಳೆಗಳಲ್ಲಿ ಇದೂ ಒಂದು. ಮುಂದೆ ಮೆಕ್ಕೆಜೋಳ, ಹುರುಳಿಕಾಯಿ, ಕುಂಬಳ ಮೂರನ್ನೂ ಒಂದೇ ಪಾತಿಯಲ್ಲಿ ಬಿತ್ತುವ ಪದ್ಧತಿ ಬೆಳೆಯಿತು. ಜೋಳದ ದಂಟಿಗೆ ಹುರುಳಿ ಹಬ್ಬುತ್ತದೆ, ಹುರುಳಿಯ ಬೇರು ಮಣ್ಣಿಗೆ ಸಾರಜನಕ ಕೊಡುತ್ತದೆ, ಕುಂಬಳದ ಅಗಲ ಎಲೆ ಕಳೆಯನ್ನು ತಡೆದು ತೇವ ಕಾಯುತ್ತದೆ. ಈ ಮೂರಕ್ಕೂ ಅಲ್ಲಿ 'ಮೂವರು ಅಕ್ಕತಂಗಿಯರು' ಎಂದೇ ಹೆಸರು.

ಒಣಗಿಸಿಡುವುದೂ ಅವರಿಗೆ ಗೊತ್ತಿತ್ತು. ಉತ್ತರ ಡಕೋಟಾದ ಹಿಡಾಟ್ಸ ಹೆಂಗಸರು ಕುಂಬಳವನ್ನು ಎಮ್ಮೆಯಂಥ ಕಾಡುಪ್ರಾಣಿಯಾದ ಬೈಸನ್ನಿನ ಮೂಳೆಯ ಚೂರಿಯಿಂದ ಬಿಲ್ಲೆಬಿಲ್ಲೆಯಾಗಿ ಹೆಚ್ಚಿ, ಕಡ್ಡಿಗೆ ಪೋಣಿಸಿ ಒಣಗಿಸುತ್ತಿದ್ದರೆಂದು 1917ರ ಪುಸ್ತಕವೊಂದು ವಿವರಿಸುತ್ತದೆ. ಪೂರ್ವದ ಜೌಗುನೆಲದಲ್ಲಿ ಬೆಳೆಯುವ ಕ್ರ್ಯಾನ್‌ಬೆರಿ ಎಂಬ ಹುಳಿಹಣ್ಣನ್ನೂ ಹಾಗೆಯೇ ಒಣಗಿಸುತ್ತಿದ್ದರು. ಇಂದಿನ ಸಲಾಡ್‌ನಲ್ಲಿ ಕುಂಬಳದ ಜೊತೆಗೆ ಒಣಗಿದ ಕ್ರ್ಯಾನ್‌ಬೆರಿ ಬಂದು ಕೂತಿದ್ದರೆ, ಅದು ಒಂದೇ ನೆಲದ ಎರಡು ಬೆಳೆಗಳ ಮರುಭೇಟಿ.

ಸುಟ್ಟುಹೋದ ಕಣಜ

ಆದರೆ ಹೆಸರು ಕೊಟ್ಟ ಜನಕ್ಕೆ ಆದದ್ದು ಬೇರೆ. ವಲಸೆ ಬಂದ ಇಂಗ್ಲಿಷರಿಗೂ ಮೂಲನಿವಾಸಿಗಳಿಗೂ ಯುದ್ಧ ಹತ್ತಿಕೊಂಡಾಗ, 1675ರ ಡಿಸೆಂಬರಿನ ಕೊರೆವ ಚಳಿಯಲ್ಲಿ ಗ್ರೇಟ್ ಸ್ವಾಂಪ್ ಎಂಬ ಜೌಗಿನೊಳಗಿದ್ದ ನ್ಯಾರಗಾನ್ಸೆಟ್ ಕೋಟೆಯ ಮೇಲೆ ಇಂಗ್ಲಿಷ್ ದಂಡು ಎರಗಿತು. ಗುಡಿಸಲುಗಳಿಗೆ ಬೆಂಕಿ ಬಿತ್ತು. ಹೆಂಗಸರು, ಮಕ್ಕಳು ಸೇರಿ ನೂರಾರು ಮಂದಿ ಸತ್ತರು. ಚಳಿಗಾಲಕ್ಕೆಂದು ಕೂಡಿಟ್ಟ ದವಸವೂ ಉರಿದುಹೋಯಿತು. ಉಳಿದವರು ಚದುರಿದರು, 19ನೇ ಶತಮಾನದ ಹೊತ್ತಿಗೆ ಅವರ ಮಾತೂ ಮನೆಮಾತಾಗಿ ಉಳಿಯಲಿಲ್ಲ. ಅಮೆರಿಕ ಸರ್ಕಾರ ಅವರನ್ನು ಒಂದು ಜನಾಂಗವೆಂದು ಅಧಿಕೃತವಾಗಿ ಒಪ್ಪಿಕೊಂಡಿದ್ದು 1983ರಲ್ಲಿ. ಅಷ್ಟರಲ್ಲಿ 'ಸ್ಕ್ವಾಶ್' ಮಾತ್ರ ಜಗತ್ತಿನ ತರಕಾರಿ ಪಟ್ಟಿಗಳಲ್ಲೆಲ್ಲ ಸೇರಿಹೋಗಿತ್ತು, ಅರ್ಥವನ್ನು ಕಳಚಿಕೊಂಡು.

ಮಾಡುವ ಬಗೆ

ಹಸಿ ಸಲಾಡ್‌ಗೆ ಹೆಚ್ಚಾಗಿ ಬಳಸುವುದು ಬಟರ್‌ನಟ್ ಎಂಬ ತಳಿ. ಮಸಾಚುಸೆಟ್ಸ್‌ನ ಸ್ಟೋ ಎಂಬ ಊರಿನಲ್ಲಿ ಚಾರ್ಲ್ಸ್ ಲೆಗೆಟ್ 1940ರ ದಶಕದಲ್ಲಿ ಇದನ್ನು ರೂಪಿಸಿದರು. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಇದು 'ಕುಕುರ್ಬಿಟ ಮೊಸ್ಕಾಟ'. ನಮ್ಮ ಸಂತೆಯ ಸಿಹಿಕುಂಬಳದಲ್ಲಿ ಬಹುಪಾಲು ಇದೇ ಜಾತಿಯದು. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ 'ಅರ್ಕಾ ಚಂದನ್' ಕೂಡ ಅದೇ ಜಾತಿ.

ನಾಲ್ವರಿಗೆ ಅರ್ಧ ಕಿಲೋ ಕುಂಬಳ ಸಾಕು. ಸಿಪ್ಪೆ, ತಿರುಳು, ಬೀಜ ತೆಗೆದು ಸಣ್ಣಗೆ ತುರಿಯಬೇಕು. ಅರ್ಧ ಚಮಚ ಉಪ್ಪು, ಎರಡು ದೊಡ್ಡ ಚಮಚ ನಿಂಬೆರಸ ಬೆರೆಸಿ ಕಾಲು ಗಂಟೆ ಬಿಡಬೇಕು. ಉಪ್ಪು ಕಾಯಿಯ ನೀರನ್ನು ಹೊರಗೆಳೆಯುತ್ತದೆ, ತುರಿ ಬಗ್ಗುತ್ತದೆ. ಹಸಿ ವಾಸನೆಯನ್ನು ಹುಳಿ ಮರೆಸುತ್ತದೆ. ಒಂದು ಹಿಡಿ ಒಣಗಿದ ಕ್ರ್ಯಾನ್‌ಬೆರಿ ಅಥವಾ ದ್ರಾಕ್ಷಿಯನ್ನು ಈಗಲೇ ಹಾಕಬೇಕು. ಒಣಹಣ್ಣು ಆ ನೀರನ್ನು ಹೀರಿ ಉಬ್ಬುತ್ತದೆ. ಸಲಾಡ್ ನೀರಾಗುವುದಿಲ್ಲ, ಹಣ್ಣೂ ಮೆತ್ತಗಾಗುತ್ತದೆ. ಕೊನೆಗೆ ಎರಡು ಚಮಚ ಎಣ್ಣೆ, ಮೆಣಸಿನ ಪುಡಿ, ಹುರಿದ ಅಕ್ರೋಟು ಇಲ್ಲವೇ ಕುಂಬಳದ್ದೇ ಬೀಜ. ಎಣ್ಣೆ ರುಚಿಗಷ್ಟೇ ಅಲ್ಲ. ಕುಂಬಳಕ್ಕೆ ಕಿತ್ತಳೆ ಬಣ್ಣ ಕೊಡುವ ಬೀಟಾ ಕ್ಯಾರೊಟಿನ್ ಮೈಗೆ ಹತ್ತಬೇಕಾದರೆ ಜಿಡ್ಡು ಬೇಕು.

ಕೊಯ್ದ ಕೂಡಲೇ ತುರಿದ ಕಾಯಿ ಬಾಯಲ್ಲಿ ಹಿಟ್ಟುಹಿಟ್ಟಾಗುವುದುಂಟು. ಕೆಲವು ವಾರ ಇಟ್ಟರೆ ಅದರ ಪಿಷ್ಟ ಸಕ್ಕರೆಗೆ ತಿರುಗುತ್ತದೆ.

ಕಹಿಯಾದರೆ ಬಿಸಾಡಿ

ಒಂದು ಎಚ್ಚರ ಮಾತ್ರ ಬೇಕೇ ಬೇಕು. ಕಾಡುಕುಂಬಳದಲ್ಲಿ ಕುಕುರ್ಬಿಟಸಿನ್ ಎಂಬ ಕಡುಕಹಿ ವಿಷವಿದೆ. ಸಾವಿರಾರು ವರ್ಷ ಕಹಿಯಿಲ್ಲದ ಬಳ್ಳಿಗಳನ್ನೇ ಆರಿಸುತ್ತ ಬಂದು ಮನುಷ್ಯ ಅದನ್ನು ಕಳೆದ. ಅಲಂಕಾರದ ಕಾಡುಕಾಯಿಯ ಪರಾಗ ಬೆರೆತ ಬೀಜ ಬಿತ್ತಿದರೆ ಕಹಿ ಮರಳಬಹುದು. ಬೇಯಿಸಿದರೂ ಅದು ಹೋಗದು. 2015ರಲ್ಲಿ ಜರ್ಮನಿಯಲ್ಲಿ ಮನೆಯಂಗಳದಲ್ಲಿ ಬೆಳೆದ ಬೇಸಿಗೆ ಸ್ಕ್ವಾಶ್‌ನ ಪಲ್ಯ ತಿಂದ ವೃದ್ಧರೊಬ್ಬರು ತೀರಿಕೊಂಡರು. ನಮ್ಮಲ್ಲೂ 2010ರಲ್ಲಿ ದೆಹಲಿಯ ವಿಜ್ಞಾನಿಯೊಬ್ಬರು ಕಹಿ ಸೋರೆಕಾಯಿ ರಸ ಕುಡಿದು ಪ್ರಾಣ ಕಳೆದುಕೊಂಡಿದ್ದರು. ತುರಿಯುವ ಮುನ್ನ ಒಂದು ಚೂರನ್ನು ನಾಲಿಗೆಗೆ ತಾಗಿಸಿ ನೋಡಬೇಕು. ಕಹಿ ಎನಿಸಿದರೆ ಕಾಯಿಯನ್ನೇ ಬಿಸಾಡಬೇಕು.

ಕರಾವಳಿ, ಮಲೆನಾಡುಗಳಲ್ಲಿ ಸಿಹಿಕುಂಬಳಕ್ಕೆ ಚೀನಿಕಾಯಿ ಎನ್ನುತ್ತಾರೆ. ಹೆಸರಿನಲ್ಲಿ ಚೀನಾ ಕೇಳಿಸಿದರೂ ಕಾಯಿಯ ತವರು ಅಮೆರಿಕ. ಆಯುಧಪೂಜೆಗೆ ಒಡೆಯುವ ಬೂದುಗುಂಬಳ ಮಾತ್ರ ಏಷ್ಯಾದ್ದೇ, ಅದರ ಕುಲವೇ ಬೇರೆ. ನಾವು ಚೀನಿಕಾಯಿಯನ್ನು ಹುಳಿಗೆ, ಪಲ್ಯಕ್ಕೆ, ಕಡುಬಿಗೆ ಬಳಸಿದೆವು. ಹಸಿಯಾಗಿ ತಿನ್ನುವ ಯೋಚನೆ ಮಾಡಿದ್ದು ಕಡಿಮೆ. ಆದರೆ ತುರಿ, ಉಪ್ಪು, ನಿಂಬೆರಸದ ಈ ಲೆಕ್ಕ ನಮ್ಮ ಗಜ್ಜರಿ ಕೋಸಂಬರಿಗಿಂತ ಬೇರೆಯೇನಲ್ಲ. ಕ್ರ್ಯಾನ್‌ಬೆರಿಯ ಜಾಗಕ್ಕೆ ವಿಜಯಪುರದ ಒಣದ್ರಾಕ್ಷಿ ಬಂದರೆ ಅಡಚಣೆಯಿಲ್ಲ. ಹಾಗೆ ಮಾಡಿ ಬಡಿಸಿದ ದಿನ, ಆಡುವವರನ್ನು ಕಳೆದುಕೊಂಡ ಒಂದು ಭಾಷೆಯ ಪದಕ್ಕೆ ಅದರ ಅರ್ಥ ಎಲೆಯ ತುದಿಯಲ್ಲಿ ಮರಳಿ ಸಿಕ್ಕಂತಾಗುತ್ತದೆ.